ಶೇ. 70 ಎಂಬ ಸಂಖ್ಯೆಯಿಂದ ರಕ್ತದ ಹರಿವು ತಿಳಿಯುವುದೇ?

ರಾಘವಣ್ಣ: ಬೆಳಿಗ್ಗೆ ಈ ಗುಂಪಿಗೆ ನಾನು ಕಳುಹಿಸಿದ ಲೇಖನವನ್ನು ಎಲ್ಲರೂ ಓದಿ. ಮೆದುಳಿನ ರಕ್ತನಾಳ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ತಡಮಾಡದೆ ಸ್ಟೆಂಟ್ ಹಾಕಿಸಬೇಕೆಂದು ಸ್ಪಷ್ಟವಾಗಿ ಬರೆದಿದ್ದಾರೆ. ಹೃದಯಕ್ಕೆ ಮಾಡುವುದನ್ನು ಮೆದುಳಿಗೆ ಮಾಡಲು ಹಿಂಜರಿಕೆ ಏಕೆ?

ಸುಮಾ: ಅಣ್ಣ, ಕಿರಿದಾದ ನಾಳದಿಂದ ಪಾರ್ಶ್ವವಾಯು ಬರಬಹುದೆಂಬ ಮಾತು ನಿಜ. ಆದರೆ ಆ ಲೇಖನ ನಾಳದ ಅಗಲವನ್ನಷ್ಟೇ ನೋಡಿದೆ. ಅದರಾಚೆಗೆ ರಕ್ತ ಎಷ್ಟು ತಲುಪುತ್ತಿದೆ ಎಂದು ಕೇಳಿಯೇ ಇಲ್ಲ. ಮೂರು ಮಿಲಿಮೀಟರ್ ಅಗಲದ ನಾಳದಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ ದಾರಿ ಉಳಿದಿದೆ ಎಂಬುದಷ್ಟೇ ಶೇ. 70ರ ಅರ್ಥ. ಅದೇ ಸಂಖ್ಯೆಯಿರುವ ಇಬ್ಬರಲ್ಲಿ ಒಬ್ಬರಿಗೆ ಮೆದುಳಿನ ಬುಡದಲ್ಲಿ ನಾಳಗಳು ಒಂದಕ್ಕೊಂದು ಕೂಡಿ ಆದ ಉಂಗುರದಿಂದಲೋ (ವಿಲ್ಲಿಸ್ ವೃತ್ತ) ಮೇಲ್ಮೈಯ ಕವಲು ನಾಳಗಳಿಂದಲೋ ಸಾಕಷ್ಟು ರಕ್ತ ಒದಗುತ್ತಿರಬಹುದು, ಇನ್ನೊಬ್ಬರಿಗೆ ಆ ಆಸರೆಯೇ ಇಲ್ಲದಿರಬಹುದು. ಈ ವ್ಯತ್ಯಾಸವನ್ನು ಪರ್ಫ್ಯೂಷನ್ ಸ್ಕ್ಯಾನ್ ತೋರಿಸುತ್ತದೆ: ರಕ್ತಕ್ಕೆ ಸೇರಿಸಿದ ಕಾಂಟ್ರಾಸ್ಟ್ ದ್ರವ ಮೆದುಳಿನ ಯಾವ ಭಾಗವನ್ನು ಎಷ್ಟು ಸೆಕೆಂಡು ತಡವಾಗಿ ತಲುಪಿತು ಎಂಬುದು ಅದರಲ್ಲಿ ಬಣ್ಣಬಣ್ಣವಾಗಿ ಕಾಣುತ್ತದೆ.

ವಸಂತತ್ತೆ: ಕಣತಲೆಯ ಮೇಲೆ ಸಲಕರಣೆ ಇಟ್ಟು ಶಬ್ದತರಂಗಗಳಿಂದ ಮಾಡುವ ಡಾಪ್ಲರ್ ಪರೀಕ್ಷೆಯಲ್ಲಿ ರಕ್ತದ ವೇಗ ಹೆಚ್ಚಿದೆ ಎಂದು ಬಂದರೆ ಹರಿವು ಚೆನ್ನಾಗಿದೆ ಎಂದಲ್ಲವೇನಮ್ಮ?

ಸುಮಾ: ಇಲ್ಲ ಅತ್ತೆ, ಬಹಳ ಜನ ಎಡವುವುದು ಇಲ್ಲಿಯೇ. ಕೊಳವೆಯ ಬಾಯಿಯನ್ನು ಬೆರಳಿನಿಂದ ಒತ್ತಿದಾಗ ನೀರು ರಭಸವಾಗಿ ಚಿಮ್ಮುವಂತೆ, ಕಿರಿದಾದ ಜಾಗದಲ್ಲಿ ರಕ್ತದ ವೇಗ ಏರುತ್ತದೆ. ಅಷ್ಟರಿಂದ ರಕ್ತದ ಪ್ರಮಾಣ ಹೆಚ್ಚಾಯಿತೆಂದು ಹೇಳಲಾಗದು. ಆದ್ದರಿಂದ ಉಸಿರು ಬಿಗಿಹಿಡಿಯಲು ಹೇಳಿಯೋ ಅಸೆಟಾಜೋಲಮೈಡ್ ಎಂಬ ಔಷಧಿ ಕೊಟ್ಟೋ ಮತ್ತೆ ಅಳೆಯುತ್ತಾರೆ; ಸಾಮಾನ್ಯವಾಗಿ ಇವೆರಡರಿಂದಲೂ ಮೆದುಳಿನ ಸಣ್ಣ ನಾಳಗಳು ಹಿಗ್ಗಿ ಹರಿವು ಏರುತ್ತದೆ. ಆಗಲೂ ಹರಿವು ಏರದಿದ್ದರೆ, ಮುಂದಿನ ಸಣ್ಣ ನಾಳಗಳು ಆಗಲೇ ಪೂರ್ತಿ ಹಿಗ್ಗಿಕೊಂಡಿವೆ, ರಕ್ತದೊತ್ತಡ ಸ್ವಲ್ಪ ಕುಸಿದರೂ ತಡೆದುಕೊಳ್ಳುವ ಮೀಸಲು ಉಳಿದಿಲ್ಲ ಎಂದು ತಿಳಿಯಬೇಕು. ನನಗೆ ಶೇಕಡಾವಾರು ಸಂಖ್ಯೆಗಿಂತ ಹೆಚ್ಚು ಭಯ ಹುಟ್ಟಿಸುವುದು ಈ ಫಲಿತಾಂಶ.

ರಾಘವಣ್ಣ: ಹಾಗಿದ್ದರೂ ನಾಳವನ್ನು ತೆರೆದುಬಿಟ್ಟರೆ ನಷ್ಟವೇನು?

ಸುಮಾ: ನಷ್ಟವಿದೆ ಅಣ್ಣ. 2011ರಲ್ಲಿ ಪ್ರಕಟವಾದ ಸ್ಯಾಂಪ್ರಿಸ್ ಅಧ್ಯಯನದಲ್ಲಿದ್ದ 451 ಮಂದಿಗೂ ಶೇ. 70ರಿಂದ 99ರಷ್ಟು ಕಿರಿದಾದ ನಾಳವಿತ್ತು. ಸ್ಟೆಂಟ್ ಗುಂಪಿನಲ್ಲಿ 30 ದಿನಗಳೊಳಗೆ ಪಾರ್ಶ್ವವಾಯು ಅಥವಾ ಸಾವು ಕಂಡವರು ಶೇ. 14.7, ಔಷಧಿಗಳನ್ನಷ್ಟೇ ಪಡೆದವರಲ್ಲಿ ಶೇ. 5.8. ಹಾಗಾಗಿ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು.

ರಾಘವಣ್ಣ: ಅದು ಹಳೆಯದು. 2024ರ ಚೀನಾ ಅಧ್ಯಯನದಲ್ಲಿ ಬಲೂನ್ ಚಿಕಿತ್ಸೆ ಗೆದ್ದಿದೆಯಲ್ಲ?

ಸುಮಾ: ಗೆದ್ದಿದೆ, ಅದನ್ನು ನಾನೂ ಗೌರವಿಸುತ್ತೇನೆ. ಆದರೆ ಅಲ್ಲಿ ಮೊದಲ ಆಯ್ಕೆ ಸ್ಟೆಂಟ್ ಆಗಿರಲಿಲ್ಲ; ಸಣ್ಣ ಬಲೂನಿನಿಂದ ನಾಳವನ್ನು ಮಿತವಾಗಿ ಹಿಗ್ಗಿಸಿದರು. ಸೇರಿದವರೆಲ್ಲರೂ ಈಗಾಗಲೇ ರೋಗಲಕ್ಷಣ ಅನುಭವಿಸಿದ್ದವರು. ನೀವು ಹಂಚಿದ ಲೇಖನವಾದರೋ, ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಕಿರಿದಾದ ನಾಳ ಅಕಸ್ಮಾತ್ ಕಂಡವರಿಗೂ ಅದೇ ಸಲಹೆ ಕೊಡುತ್ತಿದೆ. ಅದನ್ನು ಬೇರೆ ಗುಂಪುಗಳಿಗೆ ಕಳುಹಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.