ಹೀಟ್ ವೇವ್‌ಗೆ ‘ಬಿಸಿಗಾಳಿ’ ಸರಿಯಾ? ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟದ ಕಡೆಯವನು. ನಮ್ಮೂರ ಗೋಡೆಗಳ ಮೇಲೆ ಬೇಸಿಗೆಯ ಎಚ್ಚರಿಕೆ ಬರೆಸಬೇಕು ಅಂತ ಕೆಲವರು ಸೇರಿ ಹೊರಟಿದ್ದೇವೆ. ಅದಕ್ಕೆ ಹೀಟ್ ವೇವ್, ಅಂದರೆ ದಿನಗಟ್ಟಲೆ ಬಿಡದೆ ಕಾಡುವ ವಿಪರೀತ ಬಿಸಿಗೆ, ಒಂದು ಕನ್ನಡ ಪದ ಬೇಕು. ಪತ್ರಿಕೆಗಳಲ್ಲಿ ‘ಉಷ್ಣ ಅಲೆ’, ‘ಶಾಖದ ಅಲೆ’ ಅಂತಲೂ ಬರುತ್ತದೆ, ಆದರೆ ‘ಬಿಸಿಗಾಳಿ’ಯೇ ಜಾಸ್ತಿ. ನನ್ನ ತಕರಾರು ಇರುವುದು ಅದರ ಮೇಲೇ.

ಗಾಳಿ ಅಂದರೆ ಜನ ಗಾಳಿಯನ್ನೇ ಹುಡುಕುತ್ತಾರೆ. ಉತ್ತರ ಭಾರತದಲ್ಲಿ ಬೇಸಿಗೆಗೆ ‘ಲೂ’ ಅನ್ನುವ ಒಣ ಬಿಸಿಗಾಳಿ ಬೀಸುತ್ತದೆ, ಅಲ್ಲಿಗೆ ಈ ಮಾತು ಸರಿ. ಆದರೆ ಎಷ್ಟೋ ಸಲ ಆಗುವುದು ಇದರ ತಿರುಗುಮುರುಗು. ಮೇಲೆ ಒತ್ತಡ ಜಾಸ್ತಿಯಾಗಿ ಗಾಳಿ ಕೆಳಕ್ಕೆ ಇಳಿಯುತ್ತದೆ, ಇಳಿಯುತ್ತಾ ಒತ್ತಿಕೊಂಡು ಬಿಸಿಯಾಗುತ್ತದೆ, ಮೋಡ ಕಟ್ಟಲು ಬಿಡುವುದಿಲ್ಲ, ಒಂದು ಎಲೆ ಅಲ್ಲಾಡುವುದಿಲ್ಲ. 2021ರ ಜೂನ್ ಕೊನೆಗೆ ಕೆನಡಾದ ಲಿಟ್ಟನ್‌ನಲ್ಲಿ 49.6 ಡಿಗ್ರಿ ಮುಟ್ಟಿದ್ದು ಹೀಗೆ ಬಂದು ಕೂತ ಬಿಸಿಯಿಂದ. ಮಾರನೇ ದಿನವೇ ಬೆಂಕಿ ಬಿದ್ದು ಆ ಊರಿನ ಬಹುಪಾಲು ಸುಟ್ಟುಹೋಯಿತು.

ಇನ್ನೊಂದು ವಿಷಯ ರಾತ್ರಿಯದು. ಫ್ರೆಂಚರು ಹೀಟ್ ವೇವ್‌ಗೆ ‘ಕನಿಕ್ಯೂಲ್’ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಪುಟ್ಟ ನಾಯಿ ಅಂತ ಅರ್ಥ, ಲುಬ್ಧಕ ನಕ್ಷತ್ರದ ಹೆಸರು ಅದು. ಫ್ರಾನ್ಸಿನ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ ಕನಿಕ್ಯೂಲ್ ಅನ್ನಬೇಕಾದರೆ ಹಗಲಷ್ಟೇ ಅಲ್ಲ, ರಾತ್ರಿಯೂ ತಣ್ಣಗಾಗದೆ ಕನಿಷ್ಠ ಮೂರು ದಿನ ಎಳೆಯಬೇಕು. 2003ರ ಆಗಸ್ಟ್‌ನಲ್ಲಿ ಆ ದೇಶವೊಂದರಲ್ಲೇ ಸುಮಾರು 15,000 ಜನ ಸತ್ತರು. ಹೆಚ್ಚಿನವರು ವಯಸ್ಸಾದವರು, ಎಷ್ಟೋ ಜನ ಮನೆಯೊಳಗೇ ಇದ್ದವರು. ‘ಬಿಸಿಗಾಳಿ, ಹೊರಗೆ ಹೋಗಬೇಡಿ’ ಅಂತ ಬರೆದರೆ ಮನೆಯೊಳಗೆ ಮಲಗಿರುವ ಅಜ್ಜಿಗೆ ಆ ಎಚ್ಚರಿಕೆ ತಲುಪುವುದೇ ಇಲ್ಲ.

ನಮ್ಮ ಹವಾಮಾನ ಇಲಾಖೆ ಬಯಲು ಸೀಮೆಗೆ ಇಟ್ಟಿರುವ ಅಳತೆ ಹೀಗಿದೆ: ಕನಿಷ್ಠ 40 ಡಿಗ್ರಿ ಇರಬೇಕು, ಮತ್ತು ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿಯಾಗಿರಬೇಕು. ಕೋಲಾರ, ಚಿಕ್ಕಬಳ್ಳಾಪುರ ಎತ್ತರದ ನೆಲ, 40 ಮುಟ್ಟುವುದು ಅಪರೂಪ. ಆದರೆ ರೇಷ್ಮೆ ಹುಳಕ್ಕೆ ಬೇಕಿರುವುದು 24ರಿಂದ 28 ಡಿಗ್ರಿ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ) ಎದ್ದ ಮೇಲಂತೂ ಅದು ಬಿಸಿ ತಡೆಯುವುದಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಡೆಯ ಹುಳುಮನೆಗೆ ಹೋಗಿ ನೋಡಿ: ಚಾವಣಿ ಮೇಲೆ ತೆಂಗಿನ ಗರಿ, ಕಿಟಕಿಗೆ ನೆನೆಸಿ ಕಟ್ಟಿದ ಗೋಣಿತಾಟು, ಮಧ್ಯರಾತ್ರಿ ಎದ್ದು ಅದಕ್ಕೆ ಮತ್ತೆ ನೀರು ಹೊಡೆಯುವ ಹೆಂಗಸರು. ಅವರ ಬಾಯಲ್ಲಿ ಬಿಸಿಗಾಳಿ ಅನ್ನುವ ಮಾತು ನಾನು ಕೇಳಿಲ್ಲ. ‘ಝಳ ಹೊಡೀತಾ ಇದೆ’ ಅಂದರೆ ಬಿಸಿಲಿನದೋ ಒಲೆಯದೋ ನೇರ ಬಿಸಿ. ‘ಸೆಕೆ’ ಅಂದರೆ ಬೆವರು. ‘ಗೋಡೆ ಕಾವು ಆರಲಿಲ್ಲ’ ಅಂದರೆ ರಾತ್ರಿಯ ಕಷ್ಟ. ‘ಧಗೆ’ ಅಂದರೆ ಇವೆಲ್ಲಾ ಸೇರಿ, ದಿನಗಟ್ಟಲೆ ಬಿಡದೆ ಕಾಡುವುದು.

ಅದಕ್ಕೇ ‘ಕಡುಧಗೆ’ ಅಂತ ಬರೆಸೋಣ ಅನ್ನಿಸುತ್ತಿದೆ. ‘ನಾಳೆಯಿಂದ ಮೂರು ದಿನ ಕಡುಧಗೆ, ರಾತ್ರಿಯೂ ಇಳಿಯುವುದಿಲ್ಲ’ ಅಂದರೆ ಓದಿದವರಿಗೆ ತಕ್ಷಣ ತಿಳಿಯುತ್ತದೆ ಅಂತ ನನ್ನ ನಂಬಿಕೆ. ಭೂಮಿ ಬಿಸಿಯಾದ ಹಾಗೆಲ್ಲ ಇಂಥ ದಿನಗಳು ಹೆಚ್ಚುತ್ತಿವೆ, ಇದು ಸುಮ್ನೆ ಪದದ ಜಗಳ ಅಲ್ಲ. ಅಹಮದಾಬಾದ್ 2013ರಲ್ಲೇ ಬೇಸಿಗೆಗೆ ಕಾರ್ಯಯೋಜನೆ ಮಾಡಿಕೊಂಡಿತು. ಅದರಲ್ಲಿ ಮೊದಲ ಕೆಲಸವೇ ಜನರಿಗೆ ಮುಂಚೆಯೇ ತಿಳಿಯುವ ಹಾಗೆ ಹೇಳುವುದು.

ಈಗ ನಿಮ್ಮಿಂದ ಬೇಕಾದದ್ದು. ಪಾವಗಡ, ಮಧುಗಿರಿ ಕಡೆಯವರು ದಯವಿಟ್ಟು ಹೇಳಿ, ಅಲ್ಲಿ ‘ಧಗೆ’ ಬಳಕೆಯಲ್ಲಿದೆಯಾ, ಬೇರೆ ಮಾತಿದೆಯಾ? ಬಾಗೇಪಲ್ಲಿ, ಮುಳಬಾಗಿಲು ಕಡೆ ತೆಲುಗಿನ ‘ವಡಗಾಲಿ’ (ಬಿಸಿಗಾಳಿ), ‘ವಡದೆಬ್ಬ’ (ಬಿಸಿಲಿನ ಹೊಡೆತ) ಓಡಾಡುತ್ತವೆ. ವಡಗಾಲಿಯಲ್ಲೂ ಗಾಳಿ ಇದೆ, ಹಾಗಾದರೆ ನನ್ನ ತಕರಾರು ಅಲ್ಲಿನವರಿಗೆ ಒಪ್ಪಿಗೆಯಾಗುತ್ತದಾ? ವಡದೆಬ್ಬಕ್ಕೆ ಕನ್ನಡದಲ್ಲಿ ‘ಬಿಸಿಲು ಬಡಿತ’ ಅನ್ನಬಹುದಾ, ಅಥವಾ ನಿಮ್ಮ ಮನೆಯ ಹಿರಿಯರು ಹೇಳುತ್ತಿದ್ದ ಮಾತು ಬೇರೆ ಏನಾದರೂ ಇದೆಯಾ? ಗೋಡೆ ಬರೆಯುವವರು ಯುಗಾದಿ ಆದ ಮೇಲೆ ಬರುತ್ತಾರೆ, ಅಷ್ಟರೊಳಗೆ ತಿಳಿಸಿದರೆ ಉಪಕಾರ.