ಪುತಳಿ ಸರದಲ್ಲಿ ಮಂಡಿಯೂರಿ ಕುಳಿತವನು ಯಾರು?

ಪ್ರಶ್ನೆ (ಧಾರವಾಡದಿಂದ):
ಅಜ್ಜಿಯ ಪುತಳಿ ಸರ ಈಗ ನನ್ನ ಹತ್ತಿರ ಇದೆ. ಒಟ್ಟು 21 ಪುತಳಿ, ಅಂದರೆ ನಾಣ್ಯದಂಥ ಚಿನ್ನದ ಬಿಲ್ಲೆ. ಇಪ್ಪತ್ತು ಒಂದೇ ಥರ ಇವೆ, ನಡುವಿನದು ಮಾತ್ರ ಬೇರೆ. ಒಬ್ಬ ನಿಂತಿದ್ದಾನೆ, ಇನ್ನೊಬ್ಬ ಎದುರಿಗೆ ಮಂಡಿಯೂರಿದ್ದಾನೆ. ನಡುವೆ ಉದ್ದನೆ ಕೋಲು. ಹಿಂದುಗಡೆ ಮೊಟ್ಟೆಯಾಕಾರದ ಚೌಕಟ್ಟು, ಅದರೊಳಗೆ ನಕ್ಷತ್ರಗಳ ಮಧ್ಯೆ ಒಬ್ಬ ನಿಂತಿದ್ದಾನೆ. ಅಜ್ಜಿ ‘ಇಂವ ರಾಮ, ಇಂವ ಹನುಮಪ್ಪ’ ಅಂತ ತೋರಿಸುತ್ತಿದ್ದರು. ಆದರೆ ಅಂಚಿನಲ್ಲಿ ಇಂಗ್ಲಿಷ್ ಅಕ್ಷರ ಇವೆ! ಸರ ಮುರಿಸಿ ಮಗಳಿಗೆ ಬಳೆ ಮಾಡಿಸಬೇಕು ಅಂತಿದ್ದೇವೆ. ಅದಕ್ಕೂ ಮುಂಚೆ ಇದೇನು ಅಂತ ತಿಳಿಯಬೇಕು.

ಉತ್ತರ 1:
ಇಟಲಿಯ ವೆನಿಸ್‌ನ ಡುಕಾಟ್ ಎಂಬ ಚಿನ್ನದ ನಾಣ್ಯ ಇರಬೇಕು. ತಮಿಳುನಾಡು, ತಿರುವಾಂಕೂರು ಕಡೆ ಇದಕ್ಕೆ ಶಾಣಾರ್ ಕಾಸು ಅನ್ನುತ್ತಿದ್ದರು. ಕೋಲು ತಾಳೆಮರದ ಹಾಗೆ, ಮಂಡಿಯೂರಿದವನು ಹೆಂಡ ಇಳಿಸಲು ಮರ ಹತ್ತುವ ಶಾಣಾರನ ಹಾಗೆ ಅವರಿಗೆ ಕಂಡಿತ್ತು.

ಉತ್ತರ 2:
ಅಕ್ಕಾ, ದಯವಿಟ್ಟು ಅದೊಂದನ್ನು ಮುರಿಸಬೇಡಿ. ನಮ್ಮ ಮನೆಯಲ್ಲೂ ಒಂದಿತ್ತು. ಅಣ್ಣನ ಮದುವೆಗೆ ಸರ ಕರಗಿಸಿದೆವು. ಹಿಂದಿನ ರಾತ್ರಿ ನಾನು ಸುಮ್ನೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿದ್ದೆ. ಅದೇನು ಅಂತ ಗೊತ್ತಾದದ್ದು ಹತ್ತು ವರ್ಷ ಕಳೆದ ಮೇಲೆ, ಆ ಕಾಗದದಿಂದ.

ನಿಂತವನು ಸಂತ ಮಾರ್ಕ, ವೆನಿಸ್ ಊರನ್ನು ಕಾಯುವವನು. ಮಂಡಿಯೂರಿದವನು ದೋಜೆ, ಅಂದರೆ ಅಲ್ಲಿಯವರು ಆರಿಸಿದ ದೊರೆ. ಕೋಲಲ್ಲ ಅದು, ಬಾವುಟ. ಹಿಂದೆ ಇರುವವನು ಯೇಸು. ಈ ನಾಣ್ಯ ಹೊಡೆಯಲು 1284ರಲ್ಲಿ ತೀರ್ಮಾನಿಸಿದರು. 1797ರಲ್ಲಿ ನೆಪೋಲಿಯನ್ ಎದುರು ವೆನಿಸ್ ಬೀಳುವ ತನಕ ಚಿತ್ರವೂ ತೂಕವೂ ಹೆಚ್ಚುಕಡಿಮೆ ಹಾಗೇ ಉಳಿದವು. ಸುಮಾರು ಮೂರೂವರೆ ಗ್ರಾಂ, ಬಹುತೇಕ ಅಪ್ಪಟ ಚಿನ್ನ. ಐನೂರು ವರ್ಷ ಬದಲಾಗದ ನಾಣ್ಯವನ್ನು ಯಾರು ತಾನೆ ನಂಬುವುದಿಲ್ಲ? ಯುರೋಪಿಗೆ ನಮ್ಮ ಮೆಣಸು ಬೇಕಿತ್ತು. ಅವರ ಸರಕು ಇಲ್ಲಿ ಅಷ್ಟಾಗಿ ಬೇಕಿರಲಿಲ್ಲ. ಹಾಗಾಗಿ ಚಿನ್ನವೇ ಈಜಿಪ್ಟ್, ಕೆಂಪು ಸಮುದ್ರ ದಾಟಿ ಇಲ್ಲಿಗೆ ಬಂತು. ಇಲ್ಲಿ ಅದಕ್ಕೆ ಪುತಳಿ, ಅಂದರೆ ಬೊಂಬೆ, ಅಂತ ಹೆಸರಾಯಿತು.

ನನಗೆ ತುಂಬ ಇಷ್ಟದ ಸಂಗತಿ ಇನ್ನೊಂದಿದೆ. ಡುಕಾಟ್‌ಗೆ ಜೆಕ್ಕಿನೊ ಅಂತಲೂ ಹೆಸರು. ಅದು ವೆನಿಸ್‌ನ ಟಂಕಸಾಲೆ ‘ಜೆಕ್ಕಾ’ದಿಂದ ಬಂತು. ಜೆಕ್ಕಾದ ಮೂಲ ಅರಬ್ಬಿಯ ‘ಸಿಕ್ಕಾ’. ನಮ್ಮ ಸಿಕ್ಕಾ ರೂಪಾಯಿಯದೂ ಅದೇ ಮೂಲ!

ಇಲ್ಲಿ ನಕಲು ಜಾಸ್ತಿ ಹೊಡೆದಿದ್ದಾರೆ. ಅವುಗಳ ಅಕ್ಷರಗಳು ಕಲಸಿಹೋಗಿರುತ್ತವೆ, ಓದಲಾಗುವುದಿಲ್ಲ. ಬಾವುಟದ ಕೋಲಿನ ಪಕ್ಕ ಮೇಲಿಂದ ಕೆಳಕ್ಕೆ ಡಿ, ವಿ, ಎಕ್ಸ್ (ಲ್ಯಾಟಿನ್‌ನಲ್ಲಿ ದೋಜೆ ಅಂತ) ಇದೆಯಾ ನೋಡಿ. ದೋಜೆಯ ಬೆನ್ನ ಹಿಂದೆ ಅವನ ಹೆಸರಿರುತ್ತದೆ.

ಪ್ರಶ್ನೆ ಕೇಳಿದವರು:
ಡಿ, ವಿ, ಎಕ್ಸ್ ಸ್ಪಷ್ಟವಾಗಿದೆ. ಬೆನ್ನ ಹಿಂದೆ ಎ, ಎಲ್, ಓ, ವೈ. ಆಮೇಲೆ ಎಂ, ಓ, ಸಿ, ಇ. ಮುಂದಿನದನ್ನು ಕೊಂಡಿಯ ಬೆಸುಗೆ ಮುಚ್ಚಿದೆ.

ಉತ್ತರ 2:
ಅಲ್ವೀಸೆ ಮೊಚೆನಿಗೊ! ಎ, ಎಲ್, ಓ, ವೈ ಅನ್ನುವುದು ಅಲ್ವೀಸೆಯ ಲ್ಯಾಟಿನ್ ರೂಪದ ಮೊದಲ ಅಕ್ಷರಗಳು. ಆ ಹೆಸರಿನ ದೋಜೆಗಳು ನಾಲ್ವರು. ಮೊದಲನೆಯವನು 1570ರಲ್ಲಿ ಪಟ್ಟಕ್ಕೆ ಬಂದ, ನಾಲ್ಕನೆಯವನು 1778ರ ತನಕ ಇದ್ದ. ಕೊಂಡಿ ಬಿಡಿಸಬೇಡಿ, ತೊಳೆಯಲೂಬೇಡಿ. ಬೆಳಗಿನ ಬಿಸಿಲಲ್ಲಿ ಎರಡೂ ಬದಿಯ ಫೋಟೋ ತೆಗೆದು ಇಲ್ಲಿ ಹಾಕಿ. ನಾನು ನನ್ನ ಪೆನ್ಸಿಲ್ ಅಚ್ಚಿನ ಪಕ್ಕ ಇಟ್ಟು ನೋಡುತ್ತೇನೆ.

ಪ್ರಶ್ನೆ ಕೇಳಿದವರು:
ಬಳೆಗೆ ಇಪ್ಪತ್ತು ಸಾಕು ಅಂತ ಮಗಳೇ ಹೇಳಿದಳು. ನಾಳೆ ಫೋಟೋ ಹಾಕುತ್ತೇನೆ.