83ನೇ ಪುಟದಲ್ಲಿ ನಿಂತ ವರ್ಷ

ವರ್ಷದ ಕೊನೆಯ ವಾರ. ನಾವು ನಾಲ್ವರು ನಮ್ಮ ಮನೆಯಲ್ಲಿ ಕೂತಿದ್ದೆವು. ಹನ್ನೆರಡು ತಿಂಗಳ ಹಿಂದೆ ಇದೇ ಸೋಫಾದ ಮೇಲೆ ಕೂತು ಓದು-ಬರಹದ ಬಗ್ಗೆ ದೊಡ್ಡ ದೊಡ್ಡ ಮಾತಾಡಿದ್ದೆವು. ಸುಮ್ನೆ ಮಾತಾಡಿ ಎದ್ದು ಹೋಗಿದ್ದರೆ ತೊಂದರೆ ಇರಲಿಲ್ಲ. ವನಜಾ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕೆಳಗೆ ನಾಲ್ವರ ಸಹಿ ಹಾಕಿಸಿ ಇಟ್ಟುಕೊಂಡಿದ್ದಳು. ಈಗ ಅದನ್ನು ಬ್ಯಾಗಿನಿಂದ ತೆಗೆದಳು. ಹಾಳೆ ಬಿಚ್ಚುವ ಸದ್ದಿಗೇ ನಾಣಿಗೆ ಬಾಯಾರಿಕೆಯಾಯಿತು. ನೀರು ಕುಡಿಯಲು ಎದ್ದು ಹೋದ.

"ಸುಧೀರ. 52 ಪುಸ್ತಕ. ವಾರಕ್ಕೊಂದು," ಅಂತ ಓದಿದಳು.

"ಮುಗೀತು," ಅಂದ ಸುಧೀರ.

ನಾವು ದಂಗಾದೆವು. ಒಂದೊಂದು ಪುಸ್ತಕ 200 ಪುಟ ಅಂತ ಹಿಡಿದರೂ ಒಟ್ಟು 10,400 ಪುಟ. ದಿನಕ್ಕೆ ಇಪ್ಪತ್ತೆಂಟೂವರೆ. ಈ ಮನುಷ್ಯನಿಗೆ ಫೋನಿನಲ್ಲಿ ಮೂರು ಸಾಲು ಬರೆದು ಕಳಿಸಿದರೆ "ಅಷ್ಟುದ್ದ ಯಾರು ಓದ್ತಾರೆ, ಕಾಲ್ ಮಾಡು" ಅನ್ನುತ್ತಾನೆ.

"ಪಟ್ಟಿ ಕೊಡು," ಅಂದಳು ವನಜಾ.

ಪಟ್ಟಿ ಇತ್ತು. ಅಕ್ಟೋಬರ್ ಮುಗಿಯುವವರೆಗೆ 11 ಪುಸ್ತಕ. ಆಮೇಲಿನ ಎರಡು ತಿಂಗಳಲ್ಲಿ 41.

"ಏನೋ ಇದು? ಬಟ್ಟೆ ಒಗೆಯೋ ಮೆಷಿನ್ನಿನ ಕೈಪಿಡಿ?"

"48 ಪುಟ ಇದೆ. ಮೊದಲಿಂದ ಕೊನೇ ತನಕ ಓದಿದ್ದೀನಿ. ನಿಮ್ಮಲ್ಲಿ ಯಾರು ಓದಿದ್ದೀರಿ, ಕೈ ಎತ್ತಿ."

ಯಾರೂ ಎತ್ತಲಿಲ್ಲ. ಅದನ್ನು ಒಪ್ಪಲೇಬೇಕಾಯಿತು.

"ಈ ಕರಡಿಮರಿ ಚಿತ್ರಪುಸ್ತಕ?"

"ಮಗಳದ್ದು. ಹನ್ನೆರಡೇ ಪುಟ, ನಿಜ. ಆದರೆ ಒಂದೇ ರಾತ್ರಿಗೆ ಆರು ಸಲ ಓದಿಸ್ತಾಳೆ ಕಣೇ. ನಾನು ಒಂದೇ ಸಲ ಲೆಕ್ಕಕ್ಕೆ ಹಿಡಿದಿದ್ದೀನಿ. ಪ್ರಾಮಾಣಿಕತೆ ನೋಡಿ."

ಇನ್ನು ಹದಿನಾಲ್ಕು ಆಡಿಯೋ ಪುಸ್ತಕ. ಕೇಳಿದ್ದನ್ನು ಓದಿದ್ದು ಅನ್ನಬಹುದಾ? ಇಲ್ಲಿ ಅರ್ಧ ಗಂಟೆ ಜಗಳವಾಯಿತು. ನನ್ನ ಕೇಳಿದರೆ ಅನ್ನಬಹುದು. ಅಕ್ಷರ ಹುಟ್ಟುವ ಮೊದಲೇ ಕಥೆ ಇತ್ತು, ಅದು ಕಿವಿಯಿಂದ ಕಿವಿಗೇ ದಾಟಿ ಬಂತು. ಆದರೆ ಸುಧೀರ ಎಲ್ಲವನ್ನೂ ಎರಡು ಪಟ್ಟು ವೇಗದಲ್ಲಿ ಕೇಳಿದ್ದ. ವಿರಹದ ದೃಶ್ಯವೊಂದನ್ನು ನಮಗೂ ಕೇಳಿಸಿದ. ಬಸ್ ತಪ್ಪಿಸಿಕೊಂಡ ಗಂಡ ಹೆಂಡತಿ ಒಬ್ಬರನ್ನೊಬ್ಬರು ಬೈಯುತ್ತಿದ್ದಾರೆ ಅನ್ನಿಸಿತು. ಅದರಲ್ಲೂ ಐದು ಪುಸ್ತಕ ಅವನು ನಿದ್ದೆ ಹೋದ ಮೇಲೆ ತಾವಾಗಿಯೇ ಓಡಿ ಮುಗಿದಿದ್ದವು. ಬೆಳಿಗ್ಗೆ ಎದ್ದರೆ ಫೋನು "ಪುಸ್ತಕ ಮುಗಿಸಿದ್ದಕ್ಕೆ ಅಭಿನಂದನೆ" ಅನ್ನುತ್ತಿತ್ತಂತೆ. ಗೊರಕೆ ಹೊಡೆಯುತ್ತಾ ಓದಬಲ್ಲ ಮನುಷ್ಯನನ್ನು ನಾನು ಇವನೊಬ್ಬನನ್ನೇ ಕಂಡದ್ದು.

ಅಷ್ಟರಲ್ಲಿ ನಾಣಿ ನೀರು ಕುಡಿದು ಬಂದ. ಬರಬಾರದಿತ್ತು.

"ನಾಣಿ. ನವೆಂಬರ್ ತಿಂಗಳಲ್ಲಿ 50,000 ಪದಗಳ ಕಾದಂಬರಿ."

ಇದು ಅವನ ಸ್ವಂತ ಹುಚ್ಚಲ್ಲ. ಅಮೆರಿಕದಲ್ಲಿ 1999ರಲ್ಲಿ ಇಪ್ಪತ್ತೊಂದು ಜನ ಗೆಳೆಯರು ಸೇರಿ, ಒಂದು ತಿಂಗಳಲ್ಲಿ ಒಂದು ಕಾದಂಬರಿ ಅಂತ ಶುರು ಮಾಡಿದ್ದು. ಆಮೇಲೆ ಅದು ಲೋಕಕ್ಕೆಲ್ಲ ಹರಡಿತು. ದಿನಕ್ಕೆ 1,667 ಪದ ಬರೆದರೆ ತಿಂಗಳಿಗೆ ಸರಿಹೋಗುತ್ತದೆ. ಹೇಳುವುದಕ್ಕೆ ಎಷ್ಟು ಸುಲಭ, ಅಲ್ವಾ?

"ಎಷ್ಟಾಯ್ತು?"

"ಮೊದಲು ಅನ್ಯಾಯ ಎಲ್ಲಿದೆ ಅಂತ ಕೇಳಿ," ಅಂದ ನಾಣಿ. "'ಬಂದಿದ್ದಾನಂತೆ' ಅನ್ನೋದು ನಮ್ಮಲ್ಲಿ ಒಂದೇ ಪದ. ಅದನ್ನೇ ಹೇಳೋಕೆ ಇಂಗ್ಲಿಷಿನವರಿಗೆ ಐದು ಪದ ಬೇಕು. ಅವನು ಐದು ಮೆಟ್ಟಿಲು ಹತ್ತಿದ, ನಾನು ಒಂದೇ ಹಾರಿಗೆ ಮೇಲೆ ಹೋದೆ. ಲೆಕ್ಕದಲ್ಲಿ ಅವನಿಗೆ ಐದು, ನನಗೆ ಒಂದು. ಕನ್ನಡಕ್ಕೆ ರಿಯಾಯಿತಿ ಬೇಡವಾ?"

ಮಾತಿನಲ್ಲಿ ಹುರುಳಿತ್ತು. ಆದರೆ ರಿಯಾಯಿತಿ ಕೊಡುವವರು ಯಾರು? ಹಾಗಾಗಿ ನವೆಂಬರಿನ ಎರಡನೇ ವಾರ ನಾಣಿ ಹೊಸದು ಬರೆಯುವುದನ್ನು ಬಿಟ್ಟು, ಬರೆದದ್ದರ ಸಂಧಿ ಬಿಡಿಸಲು ಕೂತ. 'ಮನೆಯೊಳಗಿಂದ' ಅಂತ ಇದ್ದದ್ದು 'ಮನೆಯ ಒಳಗಿನಿಂದ' ಆಯಿತು. 'ಇಲ್ಲೊಬ್ಬನಿದ್ದಾನೆ' ಅಂತ ಇದ್ದದ್ದು 'ಇಲ್ಲಿ ಒಬ್ಬ ಇದ್ದಾನೆ' ಆಯಿತು. ಶಾಲೆಯಲ್ಲಿ "ಸಂಧಿ ಬಿಡಿಸಿ ಬರೆಯಿರಿ" ಅಂತ ಕೇಳಿದಾಗ ಸೊನ್ನೆ ತೆಗೆದುಕೊಂಡವನು ಇವನು!

ಅದೂ ಸಾಲದೆ ಹೋದಾಗ ಕಥೆಗೆ ಕಿವಿ ಕೇಳದ ಒಬ್ಬ ಅಜ್ಜನನ್ನು ತಂದ. ಹಸ್ತಪ್ರತಿ ತೆಗೆದು ಓದಿಯೇ ಬಿಟ್ಟ:

"ಅಜ್ಜ, ಮಳೆ ಬರುತ್ತಾ ಇದೆ."

"ಏನು ಅಂದೆ?"

"ಮಳೆ ಬರುತ್ತಾ ಇದೆ ಅಂದೆ, ಅಜ್ಜ."

"ಯಾರು ಬರುತ್ತಾ ಇದ್ದಾರೆ?"

"ಮುಂದೆ?" ಅಂತ ಕೇಳಿದಳು ವನಜಾ.

"ಮಳೆ ನಿಲ್ಲುತ್ತೆ. ಅದನ್ನೂ ಅಜ್ಜನಿಗೆ ಹೇಳಬೇಕಲ್ಲ."

ಒಟ್ಟು 7,412 ಪದ. ಅದರಲ್ಲಿ 'ಏನು ಅಂದೆ' ಎಷ್ಟು ಸಲ ಬಂದಿದೆ ಅಂತ ಎಣಿಸಲು ಸುಧೀರ ಹೊರಟ. ನಾಣಿ ಹಾಳೆ ಕಿತ್ತುಕೊಂಡ.

ವನಜಾ ಲೆಕ್ಕ ಕೇಳುವುದರಲ್ಲಿ ಗಟ್ಟಿ. ಒಪ್ಪಿಸುವುದರಲ್ಲಿ? ಹಾಳೆಯಲ್ಲಿ ತನ್ನ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡಿದ್ದಳು. ಬೆರಳು ಸರಿಸಿ ನೋಡಿದೆವು. ಅವಳದೂ ಒಂದು ಪುಸ್ತಕ ಬರೆಯುವ ಗುರಿ. ಅರ್ಪಣೆ ಬರೆದಾಗಿದೆ. ಮುನ್ನುಡಿ ಆಗಿದೆ. ಎರಡು ಪುಟದ ಕೃತಜ್ಞತೆ ಇದೆ. ಬೆನ್ನುಪುಟಕ್ಕೆ ಲೇಖಕಿಯ ಪರಿಚಯವೂ ಇದೆ. ನಡುವೆ ಇರಬೇಕಾದ್ದೊಂದು ಬಾಕಿ. ಅರ್ಪಣೆಯಂತೂ ಎರಡು ಸಲ ಬದಲಾಗಿದೆ. ಜನವರಿಯಲ್ಲಿ "ನನ್ನ ಪ್ರತಿ ಅಕ್ಷರದ ಹಿಂದಿರುವ ಪತಿಗೆ" ಅಂತ ಇತ್ತು. ಮೇ ತಿಂಗಳಲ್ಲಿ ಬರೀ "ಪತಿಗೆ". ಈಗ "ಅಮ್ಮನಿಗೆ".

"ಮೇಯಲ್ಲಿ ಏನಾಯ್ತು?" ಅಂದೆ.

"ಏನಿಲ್ಲ. 'ಪ್ರತಿ ಅಕ್ಷರ ಅಂತೀಯಲ್ಲ, ಅಕ್ಷರ ಎಲ್ಲಿದೆ' ಅಂತ ಕೇಳಿದ್ರು."

ಆಮೇಲೆ ಮೂವರೂ ನನ್ನ ಕಡೆ ತಿರುಗಿದರು.

ನನ್ನವು ಎರಡು ಗುರಿ. ಒಂದು, 640 ಪುಟದ ಒಂದು ದಪ್ಪ ಕಾದಂಬರಿ ಓದುವುದು. ಫೆಬ್ರವರಿಯಲ್ಲಿ 83ನೇ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿ ಇಟ್ಟಿದ್ದೆ. ಒಂದು ದಿನ ಸುಧೀರನ ಮಗಳು ಬಂದು ಆ ಟಿಕೆಟ್ ಕಿತ್ತು ಆಡಿ, ಮತ್ತೆ ತನಗೆ ಚೆಂದ ಕಂಡ ಜಾಗದಲ್ಲಿ ಸಿಕ್ಕಿಸಿದ್ದಾಳೆ. ನನಗೇನು ಗೊತ್ತು? 210ನೇ ಪುಟದಿಂದ ಮುಂದುವರಿಸಿದೆ. ಮೂರು ವಾರ ಓದಿದೆ. ಪರವಾಗಿಲ್ಲ, ಕಥೆಗೆ ವೇಗ ಬಂತು ಅನ್ನಿಸಿತು. 238ನೇ ಪುಟದಲ್ಲಿ ನಾಯಕಿಯ ಅಪ್ಪನ ಆಸ್ತಿ ಪಾಲಾಗುತ್ತಿತ್ತು. ಅಪ್ಪ ಸತ್ತು ಎರಡು ವರ್ಷವಂತೆ! ನನ್ನ ಪಾಲಿಗೆ ಆತ ಇನ್ನೂ ಮಗಳ ಮೇಲೆ ಮುನಿಸಿಕೊಂಡು ಮಹಡಿಯಲ್ಲೇ ಕೂತಿದ್ದ.

"ಹಾಗಾದ್ರೆ ನೀನು ಓದಿದ್ದು 111 ಪುಟ," ಅಂದ ಸುಧೀರ.

"238," ಅಂದೆ. ಅಲ್ಲಿಯವರೆಗೆ ಬಂದಿದ್ದೇನೆ ತಾನೆ?

ಎರಡನೆಯದು ದಿನಚರಿ. ಬೆಳಿಗ್ಗೆ ಐದೂವರೆಗೆ ಎದ್ದು ಬರೆಯುವುದು. ಇಂಗ್ಲೆಂಡಿನ ಆಂಥನಿ ಟ್ರೊಲೊಪ್ ಹೀಗೇ ಬರೆಯುತ್ತಿದ್ದ. ಅಂಚೆ ಇಲಾಖೆಯ ನೌಕರಿ ಇಟ್ಟುಕೊಂಡೇ, ಗಡಿಯಾರ ಮುಂದಿಟ್ಟುಕೊಂಡು, ಕಾಲು ಗಂಟೆಗೆ 250 ಪದ. ಬರೆದದ್ದು 47 ಕಾದಂಬರಿ. ನಾನೂ ಗಡಿಯಾರ ಮುಂದಿಟ್ಟುಕೊಂಡೆ. ಅದು ಬಡಿದಾಗಲೆಲ್ಲ ತಲೆಗೆ ತಟ್ಟಿ ಮಲಗಿಸಿದೆ. ಆತ ತನ್ನನ್ನು ಎಬ್ಬಿಸುವುದಕ್ಕೇ ಒಬ್ಬ ಆಳಿಗೆ ವರ್ಷಕ್ಕೆ ಐದು ಪೌಂಡ್ ಜಾಸ್ತಿ ಕೊಡುತ್ತಿದ್ದ ಅನ್ನುವುದು ನನಗೆ ಗೊತ್ತಾಗಿದ್ದು ಮಾರ್ಚ್‌ನಲ್ಲಿ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

"ಇಪ್ಪತ್ತೊಂದು ದಿನ ಬಿಡದೆ ಮಾಡಿದ್ರೆ ಅಭ್ಯಾಸ ಆಗುತ್ತೆ ಕಣೋ," ಅಂದ ನಾಣಿ.

ಎಲ್ಲರೂ ಹೇಳುವ ಈ ಇಪ್ಪತ್ತೊಂದರ ಬುಡ ಇರುವುದು ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಲ್ಲಿ. ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕಡಿಮೆ ಅಂದರೂ ಅಷ್ಟು ದಿನ ಬೇಕು ಅಂದಿದ್ದ. ಮೂಗಿನ ವಿಷಯ ಅದು, ಡೈರಿಯದ್ದಲ್ಲ. ಆಮೇಲೆ 2010ರಲ್ಲಿ ಲಂಡನ್ನಿನ ಸಂಶೋಧಕರು ನಿಜವಾಗಿ ಅಳೆದು ನೋಡಿದರು. ಸುಮಾರು 66 ದಿನ ಬೇಕು, ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254ರ ತನಕ ಎಷ್ಟಾದರೂ ಆಗಬಹುದು ಅಂದರು. ನಾನು 254ರ ಪೈಕಿ.

"ಭಾಷಣ ಸಾಕು. ಡೈರಿ ತೋರಿಸು."

ಕೊಟ್ಟೆ. ವನಜಾ ಜೋರಾಗಿ ಓದಿದಳು. ಜನವರಿ 1, ಪುಟ ತುಂಬ: ಪೆನ್ನು ಚೆನ್ನಾಗಿದೆ, ಹಾಳೆ ನುಣುಪಾಗಿದೆ, ಇತ್ಯಾದಿ. ಜನವರಿ 4: "ನಿನ್ನೆಯ ಹಾಗೆಯೇ." ಜನವರಿ 9: "ನಾಳೆಯಿಂದ ವಿವರವಾಗಿ ಬರೆಯಬೇಕು." ಆಮೇಲೆ ಬಿಳಿ ಹಾಳೆ, ಬಿಳಿ ಹಾಳೆ. ಜುಲೈ 3: "ಡೈರಿ ಸಿಕ್ಕಿತು. ಸೋಫಾ ಕೆಳಗಿತ್ತು." ಮತ್ತೆ ಡಿಸೆಂಬರ್ ತನಕ ಬಿಳಿ.

"ಮುಂದಿನ ವರ್ಷಕ್ಕೆ ಹೊಸ ಡೈರಿ ತಗೋಬೇಕು," ಅಂದೆ.

"ಯಾಕೆ? ಇದೇ ನಡೆಯುತ್ತೆ," ಅಂದ ಸುಧೀರ. "365 ದಿನ ಅಂದ್ರೆ 52 ವಾರದ ಮೇಲೆ ಒಂದು ದಿನ. ಸೋಮವಾರ ಅಂತ ಇರೋ ಕಡೆ ಮಂಗಳವಾರ ಅಂತ ತಿದ್ದಿಕೊಂಡು ಹೋಗು."

"ಒಂಬತ್ತು ದಿನದ್ದು ಈಗಾಗಲೇ ಬರೆದಾಗಿದೆ," ಅಂದಳು ವನಜಾ. "ಇಷ್ಟು ಒಳ್ಳೇ ಆರಂಭ ಯಾರಿಗೆ ಸಿಗುತ್ತೆ? ಜನವರಿ 4ರದ್ದಂತೂ ತಿದ್ದೋದೇ ಬೇಡ."

ನಾಣಿ ಡೈರಿ ಇಸಿದುಕೊಂಡು ಜುಲೈ 3ನ್ನು ಇನ್ನೊಮ್ಮೆ ಓದಿದ. ಆಮೇಲೆ ಬಗ್ಗಿ ಅದನ್ನು ಸೋಫಾ ಕೆಳಗೆ ತಳ್ಳಿದ.